ಕನಿಕರದ ಕೊಡ

ಪುಷ್ಯ ಮಾಸ ಬಂತು. ಬೇಸಗೆಯಲ್ಲಿ ಚೆನ್ನಾಗಿ ಹೂ ಬಿಡಲೆಂದು ಬಸಲಿಂಗವ್ವ ತನ್ನ ಎರಡೂ ಮಲ್ಲಿಗೆ ಗಿಡಗಳನ್ನು ಸವರಿ, ನೀರು ನಿಲ್ಲಿಸಿದಳು.

ಒಂದು ಗಿಡ ಅವಳ ನೀರಿನ ಕೊಡವನ್ನು ಕರೆದು, "ಬೋಳಾಗಿದ್ದೇನೆ, ಬಾಯಾರಿದೆ. ನಿನಗಾದರೂ ಕನಿಕರವಿಲ್ಲವೇ?" ಎಂದಿತು.

ಕೊಡಕ್ಕೆ ಕನಿಕರ ಬಂತು. ಬಸಲಿಂಗವ್ವ ಸೊಪ್ಪಿನ ಮಡಿಗೆ ನೀರು ಹೊತ್ತು ಹೋಗುವಾಗಲೆಲ್ಲ ಅದು ಬೇಕೆಂದೇ ತುಳುಕಿ ಆ ಗಿಡದ ಬುಡ ನೆನೆಸಿತು. ಗಿಡ ಸೊಂಪಾಗಿ ಚಿಗುರಿತು. ಕೊಡ ತನ್ನ ಒಳ್ಳೆಯತನಕ್ಕೆ ತಾನೇ ಹಿಗ್ಗಿತು.

ಚೈತ್ರ ಬಂತು. ನೀರಿಲ್ಲದೆ ಒಣಗಿ ನಿಂತಿದ್ದ ಇನ್ನೊಂದು ಗಿಡದ ಮೈತುಂಬ ಮೊಗ್ಗು. ಸೊಂಪಾದ ಗಿಡದಲ್ಲಿ ಬರೀ ಎಲೆ. ಬಸಲಿಂಗವ್ವ ಅದನ್ನು ಕೀಳಲು ಗುದ್ದಲಿ ತಂದಳು.

"ನೀನು ಕೇಳಿದ್ದನ್ನೇ ಕೊಟ್ಟೆನಲ್ಲ," ಎಂದು ಕೊಡ ತಡವರಿಸಿತು.

"ನಾನು ಬಾಯಾರಿ ಕೇಳಿದೆ," ಎಂದಿತು ಗಿಡ. "ನೀನು ದಿನವೂ ಅವಳ ಸೊಂಟದ ಮೇಲಿರುತ್ತಿದ್ದೆ. ನೀರು ಯಾಕೆ ನಿಲ್ಲಿಸಿದಳೆಂದು ಅವಳನ್ನೇ ಒಮ್ಮೆ ಕೇಳಬಾರದಿತ್ತೇ?"