ಒಳಗಿನ ಡಿಸ್ಕು, ಸಾವಂತ್ರವ್ವನ ಖಣ

"ಗುರುಗಳೇ, ಹೊಸ ಕಂಪ್ಯೂಟರ್ ತರಲು ನಾಳೆ ಪೇಟೆಗೆ ಹೋಗುತ್ತಿದ್ದೇನೆ. ಮಠದ ತಾಳೆಗರಿಗಳ ಫೋಟೊಗಳನ್ನೆಲ್ಲ ಇಡಬೇಕು. ಯಂತ್ರದ ಒಳಗೇ ದೊಡ್ಡ ಡಿಸ್ಕ್ ಹಾಕಿಸಲೇ, ಹೊರಗೆ ಜೋಡಿಸುವ ಬೇರೆ ಡಿಸ್ಕ್ ತರಲೇ? ಯಾವುದು ಭದ್ರ?"

ಶಿಷ್ಯ ಹೀಗೆ ಕೇಳಿದ. ಕೇಳಿ ತಾನೇ ಮುಂದುವರಿಸಿದ.

"ಒಳಗಿನದು ವೇಗವಾಗಿ ಕೆಲಸ ಮಾಡುತ್ತದೆ. ವೈರಿನ ಗೋಜಿಲ್ಲ, ಕೈಜಾರಿ ಬೀಳುವ ಭಯವಿಲ್ಲ. ಹೊರಗಿನದನ್ನು ಬೇಕಾದಲ್ಲಿ ಇಡಬಹುದು, ನಿಜ. ಆದರೆ ಅದು ಯಾರ ಕೈಗೆ ಬೇಕಾದರೂ ಹೋಗುತ್ತದೆ. ನನಗೇನೋ ಒಳಗಿನದೇ ಸರಿಯೆನಿಸುತ್ತದೆ."

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕೂತುಕೋ ಎಂದು ಕೈಮಾಡಿ ಕತೆ ಹೇಳತೊಡಗಿದರು.

ನೇಕಾರರ ಊರೊಂದರಲ್ಲಿ ಖಣದ ವ್ಯಾಪಾರಿಯೊಬ್ಬ ಇದ್ದ. ಹೆಸರು ಮುರಿಗೆಪ್ಪ. ಹೆಂಗಸರ ರವಿಕೆಗೆಂದು ಕೈಮಗ್ಗದಲ್ಲಿ ನೇಯುವ ಬಟ್ಟೆ ಖಣ. ಅದರ ಮೈತುಂಬ ಸಣ್ಣ ಚಿತ್ತಾರ ಇರುತ್ತದೆ. ಹಿಂದೆ ಒಂದೊಂದು ಮನೆಯ ಮಗ್ಗಕ್ಕೂ ತನ್ನದೇ ಚಿತ್ತಾರವಿತ್ತು. ಮುರಿಗೆಪ್ಪನ ಕಾಲಕ್ಕೆ, ಮಾರಾಟವಾಗುವ ನಾಲ್ಕಾರು ಚಿತ್ತಾರಗಳನ್ನು ಬಿಟ್ಟರೆ ಉಳಿದವನ್ನು ನೇಯುವವರಿರಲಿಲ್ಲ. ಅವು ಮುದುಕಿಯರ ಪೆಟ್ಟಿಗೆಗಳ ತಳದಲ್ಲಿ ಮಡಿಕೆ ಬಿದ್ದಿದ್ದವು.

ಇದು ಮುರಿಗೆಪ್ಪನಿಗೆ ಸಂಕಟವಾಯಿತು. ಅವನು ಕ್ಯಾಮೆರಾ ಕೊಂಡ. ಮನೆಮನೆಗೆ ಹೋಗಿ ಹಳೆಯ ಖಣಗಳನ್ನು ಬಿಡಿಸಿ, ನೆಲದ ಮೇಲೆ ಹಾಸಿ, ಫೋಟೊ ತೆಗೆದ. ಯಾರ ಮನೆಯದು, ಯಾರು ನೇಯ್ದದ್ದು ಎಂದು ಕೇಳಿ ಫೋಟೊಗೆ ಅದೇ ಹೆಸರು ಕೊಟ್ಟ. ಮಧ್ಯಾಹ್ನದ ನಿದ್ದೆ ಬಿಟ್ಟ, ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಓಡಾಡಿದ. ಇದರಲ್ಲಿ ಲಾಭದ ಆಸೆ ಇರಲಿಲ್ಲ. ಆ ಕೆಲಸವನ್ನು ಅವನು ಪ್ರೀತಿಯಿಂದಲೇ ಮಾಡಿದ.

ಆ ಓಡಾಟದಲ್ಲಿ ಒಮ್ಮೆ ಸಾವಂತ್ರವ್ವ ಎಂಬ ಮುದುಕಿಯ ಮನೆಗೆ ಹೋದ. ಅವಳಲ್ಲಿ ಅವಳ ಮದುವೆಯ ಖಣವಿತ್ತು. ಮಗಳ ಮದುವೆಗೆಂದು ಅವಳ ತಂದೆ ತಾನೇ ಚಿತ್ತಾರ ಕಟ್ಟಿ ನೇಯ್ದದ್ದು. ಅಂಥದನ್ನು ಆತ ಮತ್ತೆ ನೇಯಲಿಲ್ಲ, ಬೇರೆಯವರಿಗೆ ಅದು ಬರಲಿಲ್ಲ. ಅವಳು ಅದನ್ನು ಹೊಲಿಸದೆ ಹಾಗೇ ಇಟ್ಟುಕೊಂಡಿದ್ದಳು. ಮುರಿಗೆಪ್ಪ ಫೋಟೊ ತೆಗೆದು ಮುಗಿಸಿದಾಗ ಮುದುಕಿ ಕೇಳಿದಳು.

"ಇನ್ನ ಇದು ಉಳೀತದೇನೋ ಯಪ್ಪಾ?"

"ನಿಮ್ಮ ಪೆಟ್ಟಿಗ್ಯಾಗ ಇರೂದಕ್ಕಿಂತ ನನ್ನ ಹಂತ್ಯಾಕ ಭದ್ರ ಇರತೈತಿ, ಅವ್ವಾ. ನೀವು ಚಿಂತಿ ಬಿಡ್ರಿ."

ಆ ಮಾತನ್ನು ಅವನು ಮನಸಾರೆ ಹೇಳಿದ್ದ.

ಫೋಟೊಗಳು ಬೆಳೆದಂತೆ ಅವನ ಹೆಸರೂ ಬೆಳೆಯಿತು. ಹಳೆಯ ಚಿತ್ತಾರ ಬೇಕಾದವರು ಅವನ ಅಂಗಡಿಗೆ ಬರಬೇಕಾಯಿತು. ದೂರದೂರಿನಿಂದ ಬಟ್ಟೆಯ ವಿಷಯ ಓದುವವರು ಬಂದರು. ಅವರು ಬಾಗಿಲಲ್ಲಿ ಕಾಯುತ್ತಿದ್ದರೆ ಮುರಿಗೆಪ್ಪನಿಗೆ ಹಿತವಾಗುತ್ತಿತ್ತು. ಕಂಪ್ಯೂಟರ್ ತೆರೆದು ಒಂದೊಂದೇ ಚಿತ್ತಾರ ತೋರಿಸಿ, ಅವರು ಇನ್ನೂ ನೋಡಬೇಕೆನ್ನುವಾಗ ಮುಚ್ಚುತ್ತಿದ್ದ. ಚಿತ್ತಾರಗಳು ಉಳಿಯಲಿ ಎಂದು ಶುರುಮಾಡಿದ ಕೆಲಸ ಅದು. ಯಾವಾಗಲೋ, ಅವನಿಗೇ ತಿಳಿಯದಂತೆ, ಅವು ತನ್ನಲ್ಲಿ ಮಾತ್ರ ಉಳಿಯಲಿ ಎಂಬ ಆಸೆ ಒಳಹೊಕ್ಕಿತ್ತು.

ಹಳೆಯ ಕಂಪ್ಯೂಟರ್ ತುಂಬಿಹೋಯಿತು. ಹೊಸದು ಕೊಳ್ಳಲು ಜಿಲ್ಲೆಯ ಊರಿಗೆ ಹೋದ. ಆ ಅಂಗಡಿ ನಡೆಸುತ್ತಿದ್ದವಳು ಒಬ್ಬ ಹೆಣ್ಣುಮಗಳು. ಅವನ ಕೆಲಸವೇನೆಂದು ಕೇಳಿ ತಿಳಿದು ಅವಳು ಹೇಳಿದಳು.

"ಒಳಗ ದಿನದ ಕೆಲಸಕ್ಕ ಸಾಕಾಗೂವಷ್ಟು ಹಾಕಿಸ್ರಿ, ಚಲೋ ವೇಗದ್ದು. ಫೋಟೊಕ್ಕ ಹೊರಗಿನ ಡಿಸ್ಕ್ ತೊಗೊಳ್ರಿ. ಒಂದು ನಿಮ್ಮಲ್ಲಿ ಇರಲಿ, ಅದರ ನಕಲು ಬ್ಯಾರೆ ಮನ್ಯಾಗಿರಲಿ. ಯಂತ್ರಕ್ಕ ಏನರ ಆದ್ರ ಒಳಗಿದ್ದದ್ದು ಅದರ ಕೂಡನ ಹೋಗಬಹುದು."

"ಹೊರಗಿನ ಡಿಸ್ಕ್ ಯಾರ ಕಂಪ್ಯೂಟರಿಗೆ ಹಚ್ಚಿದ್ರೂ ಕಾಣಿಸತೈತೇನ್ರಿ?"

"ಕಾಣಿಸತೈತ್ರಿ. ಅದರ ಅನುಕೂಲನ ಅದ ನೋಡ್ರಿ."

"ಹಂಗಾರ ಬ್ಯಾಡ್ರಿ. ಎಲ್ಲಾ ಒಳಗನ ಹಾಕಿಕೊಡ್ರಿ, ದೊಡ್ಡದು."

"ಒಂದರ ಹೊರಗಿಂದು ಇರಲ್ರಿ."

"ಮೇಜಿನ ಮ್ಯಾಲೆ ಜಾಗಾ ಇಲ್ರಿ" ಎಂದ ಮುರಿಗೆಪ್ಪ.

ಅವಳ ಕೈಯಲ್ಲಿದ್ದ ಡಿಸ್ಕು ಅಂಗೈಗಿಂತ ಚಿಕ್ಕದಿತ್ತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು. ಅದನ್ನು ಗಾಜಿನ ಕಪಾಟಿಗೆ ವಾಪಸು ಇಟ್ಟಳು. ಮುರಿಗೆಪ್ಪನ ಕಿವಿ ಬಿಸಿಯಾಯಿತು. ಆದರೂ ಫೋಟೊಗಳನ್ನು ಹೊಸದಕ್ಕೆ ಹಾಕಿಸಿ, ಹಳೆಯ ಯಂತ್ರವನ್ನು ಅಳಿಸಿ ವಿನಿಮಯಕ್ಕೆ ಕೊಟ್ಟು, ತನಗೆ ಬೇಕಾದ್ದನ್ನೇ ತೆಗೆದುಕೊಂಡು ಬಂದ.

ಹೊಸ ಯಂತ್ರ ಬಂದ ಸುದ್ದಿ ಕೇಳಿ ನೇಕಾರರ ಸಂಘದ ಬನಪ್ಪ ಬಂದ. ಮಗ್ಗದ ಮೇಲೆ ಕೂತು ಬೆನ್ನು ಬಾಗಿದ ಮನುಷ್ಯ. ಸಂಘದ ಕಚೇರಿಯಲ್ಲಿ ಒಂದು ನಕಲು ಇರಲಿ, ಕಸುಬು ಕಲಿಯುವವರು ನೋಡಿಕೊಳ್ಳುತ್ತಾರೆ ಎಂದು ಕೇಳಿದ.

ಮುರಿಗೆಪ್ಪ ತಡಮಾಡದೆ ಹೇಳಿದ. "ಅವು ಹೊರಗ ತೆಗಿಯಾಕ ಬರಂಗಿಲ್ಲ, ಬನಪ್ಪಾ. ಯಂತ್ರದ ಒಳಗ ಕೂತುಬಿಟ್ಟಾವ. ನಿಮಗ ಯಾವಾಗ ಬೇಕು ಆವಾಗ ಬಂದು ನೋಡ್ರಿ, ಬಾಗಿಲು ತೆರದೈತಿ."

ಬನಪ್ಪನಿಗೆ ಕಂಪ್ಯೂಟರಿನ ವಿಷಯ ತಿಳಿಯದು. ಅವನು ನಂಬಿದ. ಇಷ್ಟು ಒಳ್ಳೆಯ ಕೆಲಸ ಮಾಡಿದ ಮನುಷ್ಯ ಸುಳ್ಳು ಹೇಳಿಯಾನೆಂದು ಅವನಿಗೆ ಹೊಳೆಯಲೂ ಇಲ್ಲ. ಕೈಮುಗಿದು ಹೋದ.

ಕೆಲವು ವರ್ಷ ಹೀಗೇ ನಡೆಯಿತು. ಒಂದು ಬೇಸಿಗೆಯ ಸಂಜೆ ಗಾಳಿ ಎದ್ದು, ಅಂಗಡಿಯೆದುರಿನ ಕಂಬಕ್ಕೆ ಸಿಡಿಲು ಬಡಿಯಿತು. ಮಳೆ ನಿಂತ ಮೇಲೆ ಮುರಿಗೆಪ್ಪ ಗುಂಡಿ ಒತ್ತಿದ. ಯಂತ್ರ ಏಳಲಿಲ್ಲ. ಸುಟ್ಟ ವಾಸನೆ ಬಂತು. ಮರುದಿನ ಅದನ್ನು ಹೊತ್ತುಕೊಂಡು ಕೊಂಡ ಅಂಗಡಿಗೇ ಹೋದ. ಆ ಹೆಣ್ಣುಮಗಳು ಡಿಸ್ಕನ್ನು ಬಿಚ್ಚಿ, ತನ್ನಿಂದಾಗದೆ, ಇಂಥವನ್ನು ರಿಪೇರಿ ಮಾಡುವ ದೊಡ್ಡ ಊರಿಗೆ ಕಳಿಸಿದಳು. ಅದು ಹೋದಂತೆಯೇ ವಾಪಸು ಬಂತು. ಅದರಲ್ಲಿದ್ದ ಯಾವುದೂ ಸಿಗಲಿಲ್ಲ.

ಆಗ ಹೇಳಿದ್ದೆನಲ್ಲ ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಮುರಿಗೆಪ್ಪನಿಗೆ ಸಿಟ್ಟು ಮಾಡಿಕೊಳ್ಳಲಾದರೂ ಒಂದು ದಾರಿ ಸಿಗುತ್ತಿತ್ತು.

ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ಯಂತ್ರ ರಿಪೇರಿಗೆ ಹೋಗಿದೆ ಎಂದ. ಕ್ಯಾಮೆರಾ ತೆಗೆದುಕೊಂಡು ಮತ್ತೆ ಮನೆಮನೆ ತಿರುಗತೊಡಗಿದ. ಹಳೆಯ ಫೋಟೊ ಮಸುಕಾಗಿವೆ, ಚೊಕ್ಕವಾಗಿ ತೆಗೆಯುತ್ತೇನೆ ಎಂದು ನೆಪ ಹೇಳಿದ. ಜನ ಎಂದಿನಂತೆ ಚಹಾ ಕೊಟ್ಟರು, ಪೆಟ್ಟಿಗೆ ತೆರೆದರು. ಬಹಳಷ್ಟು ಖಣ ಇದ್ದಲ್ಲೇ ಇದ್ದವು. ಅವನ ಎದೆಭಾರ ಇಳಿಯಿತು. ಯಾರಿಗೂ ತಿಳಿಯದಂತೆ ಎಲ್ಲವನ್ನೂ ಮೊದಲಿನಂತೆ ಮಾಡಿಬಿಡಬಹುದು ಎಂದುಕೊಂಡ.

ಸಾವಂತ್ರವ್ವನ ಮನೆಗೆ ಹೋದ. ಮುದುಕಿ ಹಿಗ್ಗಿನಿಂದ ಚಾಪೆ ಹಾಸಿದಳು. ಖಣ ತೆಗೆಯಿರಿ ಎಂದಾಗ ನಕ್ಕಳು.

"ಅದೆಲ್ಲೈತೋ ಯಪ್ಪಾ. ಮೊಮ್ಮಗಳು ಹಡದಳಲ್ಲ, ಕೂಸಿಗೆ ಕುಂಚಿಗಿ ಹೊಲದೆ. ಕೂಸು ಹಾಕ್ಕೊಂಡು ಹರೀತು. ಚಿತ್ತಾರ ನಿನ್ನಲ್ಲಿ ಭದ್ರ ಐತಿ ಅಂದಿದ್ದೆಲ್ಲ. ಇನ್ನ ಪೆಟ್ಟಿಗ್ಯಾಗ ಯಾಕ ಹೂತಿಡಲಿ ಅಂತ ಕತ್ತರಿ ಹಾಕಿದೆ."

ಮುರಿಗೆಪ್ಪ ಚಾಪೆಯ ಮೇಲೆ ಹಾಗೇ ಕೂತ. ಕೂಸಿನ ತಲೆಯಿಂದ ಹೆಗಲವರೆಗೆ ಇಳಿಬೀಳುವ ಆ ಕುಂಚಿಗೆ ಅವನ ಕಣ್ಣೆದುರು ಬಂತು. ಅವಳು ಕತ್ತರಿ ಹಿಡಿದದ್ದು ತನ್ನ ಮಾತು ನಂಬಿ.

"ನಮ್ಮಪ್ಪನ ಕೈಗೆಲಸ" ಎಂದಳು ಮುದುಕಿ. "ಇತ್ತಿತ್ತಲಾಗ ನನಗ ಮರತಾಂಗಾಗೇತಿ. ಒಮ್ಮೆ ತೋರಿಸೋ."

"ಯಂತ್ರ ರಿಪೇರಿಗೆ ಹೋಗೇತವ್ವಾ. ಬರೋ ವಾರ ಬರ್ರಿ" ಎಂದು ಅವನು ಎದ್ದು ಬಂದ.

ಮುದುಕಿ ಆ ವಾರ ಬಂದಳು. ಅವಳು ಬರುವುದನ್ನು ಓಣಿಯ ತುದಿಯಲ್ಲೇ ಕಂಡ ಮುರಿಗೆಪ್ಪ ಒಳಗಿನ ಕೋಣೆಗೆ ಸರಿದು, ಊರಲ್ಲಿಲ್ಲ ಎಂದು ಹೇಳಲು ಹೆಂಡತಿಗೆ ಸನ್ನೆ ಮಾಡಿದ. ಹೆಂಡತಿ ಹೇಳಿದಳು. ಮುದುಕಿ ಅಂಗಡಿಯ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡಳು. "ಕೆಲಸದ ಮನುಷ್ಯಾ, ಪಾಪ. ಎಲ್ಲಾರ ಸಲುವಾಗಿ ಓಡ್ಯಾಡತಾನ" ಎಂದಳು. ಆ ಮಾತು ಬಟ್ಟೆಯ ಗಂಟುಗಳ ನಡುವೆ ನಿಂತವನಿಗೆ ಕೇಳಿಸಿತು. ಮುದುಕಿ ಹೋದ ಮೇಲೆ ಹೆಂಡತಿ ಒಳಬಂದು, "ಇನ್ನೊಮ್ಮೆ ನನ್ನ ಬಾಯಿಲೆ ಇಂಥಾದ್ದು ಹೇಳಿಸಬ್ಯಾಡ್ರಿ" ಎಂದು, ಅವನ ಮುಖ ನೋಡದೆ ಹೊರಗೆ ಹೋದಳು.

ಮತ್ತೆ ಬಂದಾಗ ಮುದುಕಿಯ ಜೊತೆ ಬನಪ್ಪನೂ ಇದ್ದ. ಅವಳ ತಂದೆಯ ಚಿತ್ತಾರವನ್ನು ಮಗ್ಗಕ್ಕೇರಿಸಿ ನೋಡುತ್ತೇನೆಂದು ಅವನು ಅವಳಿಗೆ ಮಾತು ಕೊಟ್ಟಿದ್ದ. ಮುರಿಗೆಪ್ಪ ಈ ಸಲವೂ ಒಳಗೆ ಸರಿದ. ಹೆಂಡತಿ ಏನೂ ಹೇಳದೆ ಅವರಿಗೆ ನೀರು ಕೊಟ್ಟಳು. ಹೊರಗಿನ ಮಾತು ಅವನಿಗೆ ಕೇಳುತ್ತಿತ್ತು.

"ನಾನು ಮತ್ತ ಮತ್ತ ಬಂದು ತ್ರಾಸ ಕೊಡಾಕತ್ತೀನಿ" ಎಂದಳು ಮುದುಕಿ. "ಒಂದು ನಕಲು ನಿಮ್ಮ ಸಂಘದಾಗ ಇದ್ದಿದ್ರ ಅಲ್ಲೇ ನೋಡ್ತಿದ್ದೆ."

ಬನಪ್ಪ ಅವಳಿಗೆ ತಿಳಿಹೇಳಿದ. "ಹಂಗ ಬರಂಗಿಲ್ಲವ್ವಾ. ಅವು ಯಂತ್ರದ ಒಳಗ ಕೂತಿರ್ತಾವ, ಹೊರಗ ತೆಗಿಯಾಕ ಆಗಂಗಿಲ್ಲ. ಬರತಿದ್ರ ಮುರಿಗೆಪ್ಪಣ್ಣ ಕೊಡದ ಬಿಡ್ತಿದ್ದರೇನು?"

ತಾನು ಹೇಳಿದ್ದ ಸುಳ್ಳು ಇನ್ನೊಬ್ಬನ ಬಾಯಲ್ಲಿ ಸತ್ಯವಾಗಿ ಕೂತಿತ್ತು. ತನ್ನ ಪರವಾಗಿ ವಾದಿಸುತ್ತಿತ್ತು. ಮುರಿಗೆಪ್ಪನಿಗೆ ಇನ್ನು ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದ. ಇಬ್ಬರೂ ಅವನನ್ನು ಕಂಡು ಮುಖ ಅರಳಿಸಿದರು. ಅವನು ನೆಲ ನೋಡುತ್ತ ಹೇಳಿದ. ಸಿಡಿಲಿಗೆ ಎಲ್ಲ ಹೋಯಿತೆಂದು ಹೇಳಿದ. ಹೊರಗೆ ತೆಗೆಯಲು ಬರುತ್ತಿತ್ತು, ಅಂಗಡಿಯವಳು ತೆಗೆದಿಡಲು ಹೇಳಿಯೂ ಇದ್ದಳು, ತಾನೇ ಒಲ್ಲೆನೆಂದೆ, ಬನಪ್ಪನಿಗೆ ಹೇಳಿದ್ದು ಸುಳ್ಳು ಎಂದೂ ಹೇಳಿದ.

ಬನಪ್ಪ ಬೈಯಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ, ಕೇಳಬಾರದ್ದನ್ನು ಕೇಳಿದವನು ತಾನೇ ಎಂಬಂತೆ ಮುಖ ಬೇರೆ ಕಡೆ ತಿರುಗಿಸಿದ.

ಮುದುಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೆಲ್ಲಗೆ ಅಂದಳು.

"ನಾನಾದ್ರೂ ಕತ್ತರಿ ಹಾಕಬಾರದಿತ್ತು. ತಪ್ಪು ನಂದ."

ಮುರಿಗೆಪ್ಪ ಅಲ್ಲವೆನ್ನಲು ಬಾಯಿ ತೆರೆದ. ಬನಪ್ಪ ಮುದುಕಿಯ ಕೈಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದ.

ಆಮೇಲೆ ಅವನು ಮಾಡಬೇಕಾದ್ದನ್ನು ಮಾಡಿದ. ಸಿಕ್ಕ ಖಣಗಳನ್ನೆಲ್ಲ ಮತ್ತೆ ಫೋಟೊ ತೆಗೆದ. ಈ ಸಲ ಪ್ರತಿ ಮನೆಯಲ್ಲೂ, ಮೊದಲಿನವು ತನ್ನ ತಪ್ಪಿನಿಂದ ಹೋದವು ಎಂದು ಹೇಳಿಯೇ ತೆಗೆದ. ಹೊರಗಿನ ಡಿಸ್ಕುಗಳನ್ನು ತಂದು ಒಂದನ್ನು ಸಂಘಕ್ಕೆ ಕೊಟ್ಟ, ಒಂದನ್ನು ಊರಿನ ಶಾಲೆಗೆ ಕೊಟ್ಟ. ನೇಕಾರರು ಅವುಗಳಿಂದ ಹಳೆಯ ಚಿತ್ತಾರ ನೋಡಿ ನೇಯತೊಡಗಿದರು. ಮುರಿಗೆಪ್ಪ ಉದಾರಿ ಎಂದು ಹೊರಗಿನವರು ಹೊಗಳಿದರು. ಹೊಗಳುವಾಗ ಬನಪ್ಪ ಪಕ್ಕದಲ್ಲೇ ಇರುತ್ತಿದ್ದ. ಏನೂ ಹೇಳುತ್ತಿರಲಿಲ್ಲ. ಅವನು ಸುಮ್ಮನಿರುವುದನ್ನು ಸಹಿಸುವುದೇ ಮುರಿಗೆಪ್ಪನಿಗೆ ಕಷ್ಟವಾಗುತ್ತಿತ್ತು.

ಸಾವಂತ್ರವ್ವನ ತಂದೆಯ ಚಿತ್ತಾರ ಸಿಗಲಿಲ್ಲ. ನಂಟರ ಮನೆಗಳಲ್ಲಿ ಹುಡುಕಿಸಿದ, ಹಳೆಯ ನೇಕಾರರನ್ನು ಕೇಳಿದ. ಕಂಡ ನೆನಪಿದೆ ಎಂದವರು ಒಬ್ಬೊಬ್ಬರು ಒಂದೊಂದು ಥರ ಹೇಳಿದರು. ಮುದುಕಿಯ ಮನೆಯೆದುರು ಹಾಯಬೇಕಾದಾಗಲೆಲ್ಲ ಅವನು ಹಿಂದಿನ ಓಣಿ ಹಿಡಿಯುತ್ತಿದ್ದ. ಒಂದು ದಿನ ಆ ಓಣಿಯಲ್ಲೇ ಅವಳು ಎದುರಾದಳು. ಬಾ ಎಂದು ಕರೆದುಕೊಂಡು ಹೋಗಿ, ಅದೇ ಚಾಪೆ ಹಾಸಿ, ಚಹಾ ಕೊಟ್ಟಳು. ಕೂಸು ಈಗ ನಡೆಯುತ್ತದೆ ಎಂದಳು, ಮಳೆ ಚಲೋ ಆಯಿತು ಎಂದಳು. ಖಣದ ಮಾತೆತ್ತಲಿಲ್ಲ. ಅವನು ತಲೆ ತಗ್ಗಿಸಿ ಚಹಾ ಕುಡಿದ. ಲೋಟ ಕೆಳಗಿಟ್ಟು, ತಲೆ ಎತ್ತದೆಯೇ ಎದ್ದು ಬಂದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ತಿಳಿಯಿತು, ಗುರುಗಳೇ. ಹಾಗಾದರೆ ಹೊರಗಿನ ಡಿಸ್ಕನ್ನೇ ತರುತ್ತೇನೆ" ಎಂದ.

"ಯಾವುದನ್ನಾದರೂ ತಾ" ಎಂದರು ಗುರುಗಳು, "ಅದಕ್ಕೆ ಮೊದಲು, ಆ ಫೋಟೊಗಳು ಯಾರ ಕೈಗೆ ಹೋಗಬಾರದೆಂದು ನಿನ್ನ ಮನಸ್ಸಿನಲ್ಲಿದೆಯೋ ಅವರ ಹೆಸರು ಹೇಳು."