ರಾಯಭಾರಿಗೆ ಎಲೆ ಹಾಕಿದ್ದು

“ನನ್ನ ಆಸ್ಥಾನದಲ್ಲಿ ಎದೆಗಾರಿಕೆ ಇರೋನು ಒಬ್ಬನೂ ಇಲ್ಲವೇನ್ರೋ?” ಎಂದು ಹೆಬ್ಬಂಡೆಯ ದೊರೆ ರಣಮಲ್ಲರಾಯ ಗುಡುಗಿದ.

ಎಲ್ಲರೂ ನೆಲ ನೋಡಿದರು. ನೋಡದೆ ಇನ್ನೇನು ಮಾಡ್ತಾರೆ? ನಿಡುಗೋಡಿನ ಸೋಮರಸ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಸಂಧಾನಕ್ಕೆ ಹೋದ ರಾಯಭಾರಿ ಅರ್ಧ ಮೀಸೆ ಬೋಳಿಸಿಕೊಂಡು ವಾಪಸು ಬಂದಿದ್ದ. ಪಾಪ, ಈಗ ಮನೆಯೊಳಗೂ ಮುಸುಕು ಹೊದ್ದೇ ಓಡಾಡುತ್ತಿದ್ದನಂತೆ.

“ಅಳಸಿಂಗಣ್ಣ, ಯಾಕೋ ನಗ್ತೀಯ? ಸಂಜೆಯೊಳಗೆ ಹೊಸ ರಾಯಭಾರಿಯನ್ನು ನೀನೇ ಆರಿಸು. ಆಗಲಿಲ್ಲವೋ, ನೀನೇ ಹೊರಡು!”

ವಿದೂಷಕ ಅಳಸಿಂಗಣ್ಣನ ಕೈ ತಾನಾಗಿ ಮೀಸೆಗೆ ಹೋಯಿತು. ಎಣ್ಣೆ ಹಚ್ಚಿ, ತಿರುವಿ, ಮಗುವಿನ ಹಾಗೆ ಸಾಕಿದ ಮೀಸೆ! ಹೆಂಡತಿ ಮದುವೆಗೆ ಒಪ್ಪಿದ್ದೇ ಅದನ್ನು ನೋಡಿ.

ದಿಕ್ಕು ತೋಚದೆ ಅರಮನೆಯ ಅಡುಗೆಮನೆಗೆ ಹೋಗಿ ಕೂತ. ಅಲ್ಲಿ ಅಡುಗೆಯ ನರಹರಿ ಭಟ್ಟರೂ ತಲೆಮೇಲೆ ಕೈಹೊತ್ತಿದ್ದರು.

“ರಾಣಿಯ ತಮ್ಮ ಬೊಪ್ಪರಸರ ಕಾಟ ಕಣಯ್ಯ! ನೆಂಟರಾಗಿ ಬಂದರು, ಕೋಟೆ ಬಾಗಿಲು ಮುಚ್ಚಿತು, ಇಲ್ಲೇ ಉಳಿದರು. ಸೈನಿಕರಿಗೆ ಗಂಜಿಗೂ ಗತಿಯಿಲ್ಲ, ಇವರಿಗೆ ‘ಇನ್ನೊಂದು ಹೋಳಿಗೆ’! ಕೂತರೆ ಏಳೋದೇ ಇಲ್ಲ!”

ಅಳಸಿಂಗಣ್ಣ ದಡಕ್ಕನೆ ಎದ್ದು ಕಾಲಿಗೆ ಬಿದ್ದ. “ಬದುಕಿಸಿದಿರಿ ಭಟ್ಟರೇ!”

ಆ ಸೀಮೆಯಲ್ಲೊಂದು ಕಟ್ಟುಪಾಡು. ಶತ್ರುವಿನ ರಾಯಭಾರಿಯೇ ಆಗಲಿ, ಮೊದಲು ಎಲೆ ಹಾಕಿ ಬಡಿಸಬೇಕು. ಅವನು ‘ಸಾಕು’ ಎಂದು ಕೈತೊಳೆಯುವ ತನಕ ಯುದ್ಧದ ಮಾತೆತ್ತುವಂತಿಲ್ಲ, ಬಾಣ ಬಿಡುವಂತಿಲ್ಲ, ಮೀಸೆ ಮುಟ್ಟುವಂತಂತೂ ಇಲ್ಲವೇ ಇಲ್ಲ.

ಸಂಜೆ ಅಳಸಿಂಗಣ್ಣ ಕೈಮುಗಿದು, “ಬೊಪ್ಪರಸರೇ ತಕ್ಕವರು, ಪ್ರಭು” ಎಂದ.

“ಅವನಾ? ಅವನಿಗೆ ನೆಟ್ಟಗೆ ನಾಲ್ಕು ಮಾತಾಡೋಕೆ ಬರಲ್ಲವಲ್ಲೋ!”

“ಮಾತಿಗೆ ಪುರಸೊತ್ತಾದರೂ ಎಲ್ಲಿರುತ್ತೆ, ಬಿಡಿ.”

ಬೊಪ್ಪರಸ ಕೇಳಿದ್ದು ಒಂದೇ ಪ್ರಶ್ನೆ. “ಅಲ್ಲಿ ಊಟ ಹೇಗೆ?”

“ಊರೂರಿನ ತುಪ್ಪ ಅವರ ಡೇರೆಯಲ್ಲೇ ಇದೆ, ಸ್ವಾಮಿ.”

ಬೊಪ್ಪರಸ ಪಲ್ಲಕ್ಕಿಗೂ ಕಾಯದೆ ನಡೆದೇ ಹೋದ.

ಸೋಮರಸ ಕತ್ತಿ ಮಸೆಸಿಟ್ಟುಕೊಂಡು, ಎಲೆ ಹಾಕಿಸಿ ಕಾದ. ಬೊಪ್ಪರಸ ಉಂಡ. ಕೂತಲ್ಲೇ ಗೊರಕೆ ಹೊಡೆದ. ಕಣ್ಣುಬಿಟ್ಟು “ಸಾರು” ಎಂದ. ಮರುದಿನವೂ ಅದೇ ಎಲೆ, ಅದೇ ಗೊರಕೆ, ಅದೇ ಸಾರು. ವಾರ ತಿರುಗುವುದರೊಳಗೆ ಶತ್ರುಗಳ ಉಗ್ರಾಣ ಗುಡಿಸಿಟ್ಟ ಹಾಗಾಯಿತು. ಹಸಿದ ಸೈನಿಕರು ಒಬ್ಬೊಬ್ಬರಾಗಿ ಊರಿನ ದಾರಿ ಹಿಡಿದರು.

ಕೊನೆಗೆ ಸೋಮರಸನೇ ಕೋಟೆ ಬಾಗಿಲಿಗೆ ಬಂದು ಕೈಮುಗಿದ. “ನಾವು ಹೊರಟ್ವಿ ಮಹಾರಾಯರೇ! ಇನ್ನು ಈ ಕಡೆ ತಲೆ ಹಾಕಿಯೂ ಮಲಗಲ್ಲ. ನಿಮ್ಮ ರಾಯಭಾರಿಯನ್ನು ಮಾತ್ರ ಎಬ್ಬಿಸಿಕೊಂಡು ಹೋಗಿ!”

ರಣಮಲ್ಲರಾಯನಿಗೆ ನಂಬುವುದಕ್ಕೇ ಆಗಲಿಲ್ಲ. “ಅಲ್ಲ ಕಣೋ ಅಳಸಿಂಗಣ್ಣ, ನನ್ನ ಬಾಮೈದ ಅದೇನು ಹೇಳಿ ಇವನನ್ನ ಇಷ್ಟು ಹೆದರಿಸಿದ?”

“ಇನ್ನೂ ಏನೂ ಹೇಳಿಲ್ಲ ಪ್ರಭು. ಬಾಯಿ ಖಾಲಿಯಾದಾಗ ಹೇಳ್ತಾರೆ.”