ಒಂದು ನಿಮಿಷದ ಮಾಸ್ತರರು

ಸದನದಲ್ಲಿ ಮಾತಾಡುವ ಸಮಯವನ್ನು ಪಕ್ಷಗಳಿಗೆ ತಲೆ ಎಣಿಸಿ ಹಂಚುತ್ತಾರೆ. ಫಕೀರಪ್ಪ ಮಾಸ್ತರರ ಪಕ್ಷಕ್ಕೆ ಅವರೊಬ್ಬರೇ ಸಂಸದರು. ಹಾಗಾಗಿ ಸಿಗುವುದು ಒಂದೇ ನಿಮಿಷ. ಕೊನೆಯ ಸಾಲಿನ ಮೂಲೆಯಲ್ಲಿ ಕೂತ ಅವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಅಂದು ವಿದೇಶಾಂಗ ಮಂತ್ರಿಗಳು, ಜಗಳವಾಡುತ್ತಿದ್ದ ಎರಡು ದೇಶಗಳನ್ನು ತಾವು ಮಾತಿಗೆ ಕೂರಿಸಿದ ಕಥೆಯನ್ನು ಒಂದು ಗಂಟೆ ಹೇಳಿದರು. ಮಾಸ್ತರರು ಎದ್ದು ನಿಂತದ್ದು ಕಂಡು ಮಂತ್ರಿಗಳು ನಕ್ಕರು. "ಒಬ್ಬರೇ ಇರುವ ಪಕ್ಷಕ್ಕೂ ವಿದೇಶಾಂಗ ನೀತಿ ಬೇಕೇ?"

"ನನ್ನದು ಊರಿನ ಪ್ರಶ್ನೆ ಸ್ವಾಮಿ," ಎಂದರು ಮಾಸ್ತರರು. "ನಮ್ಮ ಹೊಳೆಗೆ ನಿಮ್ಮ ಸರ್ಕಾರದ ಎರಡು ಇಲಾಖೆಗಳು ಎರಡು ದಡದಿಂದ ಸೇತುವೆ ಕಟ್ಟುತ್ತಾ ಬಂದವು. ಅವು ಪರಸ್ಪರ ಮಾತು ಬಿಟ್ಟು, ಸೇತುವೆ ಅರ್ಧಕ್ಕೇ ನಿಂತು ಆರು ವರ್ಷವಾಯಿತು. ಅವೆರಡನ್ನೂ ಬೇರೆ ಬೇರೆ ದೇಶ ಅಂತ ಘೋಷಿಸಿಬಿಡಿ. ಆಗ ನೀವೇ ವಿಮಾನ ಹತ್ತಿ ಬಂದು ರಾಜಿ ಮಾಡಿಸಬಹುದು."

ಆಳುವ ಪಕ್ಷದವರೇ ಮೊದಲು ನಕ್ಕರು. ಮಂತ್ರಿಗಳು ಕಾಗದ ತಿರುವುತ್ತಿದ್ದಂತೆ ನಿಮಿಷ ಮುಗಿದ ಗಂಟೆ ಹೊಡೆಯಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ, ನಾಲ್ಕು ಕುರ್ಚಿಯ ಮೇಜಿಗೆ ಮಾಸ್ತರರು ಎಂದಿನಂತೆ ಒಬ್ಬರೇ. ಮಂತ್ರಿಗಳು ತಟ್ಟೆ ಹಿಡಿದು ಬಂದರು. "ಎರಡೂ ಇಲಾಖೆಯವರನ್ನು ನಾಳೆ ಕರೆಸಿದ್ದೇನೆ. ಇಲ್ಲಿ ಕೂರಲೇ?"

ಮಾಸ್ತರರು ಕುರ್ಚಿ ಎಳೆದುಕೊಟ್ಟರು. "ಕೂತ್ಕೊಳ್ಳಿ ಸ್ವಾಮಿ. ಈ ಮೇಜೂ ಒಂದು ದೇಶವೇ. ನಾಲ್ಕು ವರ್ಷದಲ್ಲಿ ಬಂದ ಮೊದಲ ಅತಿಥಿ ನೀವು."